ಸಿಸ್ಟರ್: ಕೋವಿಡ್ ಕಾಲದ ಬಳಕೆ ಮತ್ತು ನಿರ್ವಹಣೆಯ ಕೈಪಿಡಿ

1. ಪರಿಚಯ
ಕೋವಿಡ್ ವಾರ್ಡಿಗೆ ಹೊಸ ಸಿಸ್ಟರ್ ಪಡೆದ ನಿಮಗೆ ಅಭಿನಂದನೆ. ಕಾಗದದಲ್ಲಿ ಇವರು ಶುಶ್ರೂಷಾಧಿಕಾರಿ; ಆದರೆ ಓಡಿಬರುವುದು ‘ಸಿಸ್ಟರ್’ ಎಂದು ಕರೆದಾಗಲೇ. ವಿದ್ಯುದಾಗಾರದ ಪಕ್ಕದ ಊರಾದ ನಮ್ಮ ಅಂಬಿಕಾನಗರದವರಿಗೆ ಯಂತ್ರದ ಕೈಪಿಡಿ ಹೊಸದಲ್ಲ. ಇಲ್ಲಿನ ಸೈಕ್ಸ್ ಪಾಯಿಂಟಿನಿಂದ ಬಗ್ಗಿ ನೋಡಿದರೆ ಕಾಳಿ ನದಿಯ ಕಣಿವೆಯಲ್ಲಿ ನಾಗಝರಿ ಜಲವಿದ್ಯುದಾಗಾರ. ‘ಲೋಡ್’ ಎಂಬ ಮಾತು ಇಲ್ಲಿ ಮಕ್ಕಳ ಬಾಯಲ್ಲೂ ಇದೆ.

2. ಚಾಲನೆ
ಪಿಪಿಇ ಕಿಟ್ ತೊಡಿಸಿ. ತೊಟ್ಟ ಮೇಲೆ ಪಾಳಿ ಮುಗಿಯುವವರೆಗೆ ನೀರು ಇಲ್ಲ, ಶೌಚವೂ ಇಲ್ಲ. ಇದನ್ನು ದೋಷವೆಂದು ದೂರಬೇಡಿ. ಬೆನ್ನ ಮೇಲೆ ಪೆನ್ನಿನಲ್ಲಿ ಹೆಸರು ಬರೆಯಿರಿ. ಒಳಗೆ ಯಾರಿದ್ದಾರೆಂದು ಗೊತ್ತಾಗಲಿ.

3. ಲೋಡ್ ಅಳತೆ
ತಲೆಯ ಹೊರೆ ಅಳೆಯಲು ನಾಸಾದ ಸ್ಯಾಂಡ್ರಾ ಹಾರ್ಟ್ ಅವರು ಲೋವೆಲ್ ಸ್ಟೇವ್‌ಲ್ಯಾಂಡ್ ಜೊತೆ 1988ರಲ್ಲಿ ಒಂದು ಮಾಪಕ ಪ್ರಕಟಿಸಿದರು. ಅದರಲ್ಲಿ ಆರು ಮುಳ್ಳು: ತಲೆಗೆಲಸ, ಮೈಗೆಲಸ, ಸಮಯದ ಒತ್ತಡ, ಕೆಲಸ ಕೈಗೂಡಿದ ಬಗೆ, ಪಟ್ಟ ಶ್ರಮ, ಹತಾಶೆ. ನಾಗಝರಿಯಲ್ಲಿಯೂ ಆರೇ ಘಟಕ. ಆದರೆ ಅಲ್ಲಿ ಆರೂ ಸದಾ ಒಟ್ಟಿಗೆ ತಿರುಗಬೇಕೆಂದಿಲ್ಲ. ವಾರ್ಡಿನಲ್ಲಿ ಅದು ದಿನಚರಿ.

ಪರೀಕ್ಷಾ ಲೆಕ್ಕ: ಉಸಿರು ಕಟ್ಟುತ್ತಿರುವ ರೋಗಿಯನ್ನು ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಒಯ್ಯಬೇಕು. ಸಣ್ಣ ಸಿಲಿಂಡರಿನಲ್ಲಿ 1,500 ಲೀಟರ್ ಆಕ್ಸಿಜನ್; ನಿಮಿಷಕ್ಕೆ 15 ಲೀಟರ್ ಖರ್ಚು. ಅಂದರೆ 100 ನಿಮಿಷ. ದಾಂಡೇಲಿಯ ಕಾಡು, ಹಳಿಯಾಳದ ಪೇಟೆ, ಧಾರವಾಡದ ಟ್ರಾಫಿಕ್ಕು ಎಲ್ಲ ಅಷ್ಟರೊಳಗೆ ಮುಗಿಯಬೇಕು. ಸಿಸ್ಟರಿನ ಒಂದು ಕೈ ಮಾಸ್ಕಿನ ಮೇಲೆ, ಕಣ್ಣು ಸಿಲಿಂಡರಿನ ಮುಳ್ಳಿನ ಮೇಲೆ, ರೋಗಿಯ ಮಗನ ಫೋನಿಗೆ ‘ಏನೂ ಆಗಲ್ಲ, ಹೆದರಬೇಡಿ’ ಎಂಬ ಉತ್ತರ. ಹುದ್ದೆಯ ವಿವರದಲ್ಲಿ ಇದನ್ನು ‘ರೋಗಿಯ ಜೊತೆ ಹೋಗುವುದು’ ಎಂದಷ್ಟೇ ನಮೂದಿಸಿ.

4. ದೋಷ ಮತ್ತು ಪರಿಹಾರ
*ಮನೆಗೆ ಹೋದ ಮೇಲೂ ಕಿವಿಯಲ್ಲಿ ಮಾನಿಟರಿನ ಸದ್ದು:* ರಾತ್ರಿ ಪಾಳಿಗೆ ಹಾಕಿ. ಅಲ್ಲಿ ಸದ್ದು ನಿಜವಾಗುತ್ತದೆ.
*ಮಗುವನ್ನು ಮುಟ್ಟಲು ಹೆದರಿಕೆ:* ಬಾಗಿಲಾಚೆ ನಿಂತು ನೋಡಲಿ.
*ಕಾರಣವಿಲ್ಲದೆ ಅಳು:* ಕಾರಣ ಕೇಳಬೇಡಿ. ಕೇಳಿದರೆ ಸಿಬ್ಬಂದಿ ನೇಮಿಸಬೇಕಾದೀತು.
*ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ಸಿಸ್ಟರ್ ಬೇಕೆಂಬ ನಿಯಮ:* ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ.

5. ನಿಲುಗಡೆ
ಟರ್ಬೈನಿನ ಬೇರಿಂಗ್ ಮಿತಿಮೀರಿ ಕಾದರೆ ರಿಲೇ ತಾನಾಗಿ ಯಂತ್ರ ನಿಲ್ಲಿಸುತ್ತದೆ. ಯಾರೂ ಅದನ್ನು ಸೋಮಾರಿ ಎನ್ನುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ರಿಪೇರಿ ಮಾಡುವಾಗ ‘ರಜೆ ಯಾಕೆ’ ಎಂದೂ ಕೇಳುವುದಿಲ್ಲ. ಸಿಸ್ಟರ್ ಎಂಬ ಈ ಮಾದರಿಗೆ ರಿಲೇ ಅಳವಡಿಸಿಲ್ಲ.

6. ಖಾತರಿ
ಸಿಸ್ಟರಿಗೆಂದು ಜನ ತಟ್ಟಿದ ಚಪ್ಪಾಳೆಯನ್ನು, ಹಚ್ಚಿದ ಹಣತೆಯನ್ನು ಖಾತರಿಯೆಂದು ತಿಳಿಯತಕ್ಕದ್ದು. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ದೇಶ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿತು. ವಿದ್ಯುತ್ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಗ್ರಿಡ್ ಬೀಳದಂತೆ ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕಿ, ಜಲವಿದ್ಯುತ್ ಘಟಕಗಳನ್ನು ಇಳಿಸಿ, ಮತ್ತೆ ಏರಿಸಿದರು. ಒಂಬತ್ತು ನಿಮಿಷದ ಲೋಡಿಗೆ ಅಷ್ಟು ಸಿದ್ಧತೆ.

ಆಸ್ಪತ್ರೆಗಳ ದೀಪ ಮಾತ್ರ ಆರಿಸಬೇಡಿ ಎಂದು ಮೊದಲೇ ಹೇಳಿದ್ದರು. ಆ ಬೆಳಕಿನಲ್ಲಿ ಸಿಸ್ಟರ್, ಬೆನ್ನ ಮೇಲೆ ತನ್ನ ಹೆಸರು ಹೊತ್ತು, ಸಿಲಿಂಡರಿನ ಮುಳ್ಳು ನೋಡುತ್ತಿದ್ದಳು.