ಹಗಲು ದೀಪಕ್ಕೊಂದು ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಕುರ್ಚಿ ಸಿಗದೆ ಕೆಳಗೇ ನಿಂತಿರುವ ಗಣ್ಯರೇ, ತಿಂಡ್ಲು, ಎನ್‌ಟಿಐ ಲೇಔಟ್, ಬಿಇಎಲ್ ಲೇಔಟ್‌ಗಳಿಂದ ಉರಿಬಿಸಿಲಲ್ಲಿ ನಡೆದು ಬಂದಿರುವ ತಾಯಂದಿರೇ, ಮಹನೀಯರೇ,

ಮಟಮಟ ಮಧ್ಯಾಹ್ನದ ಈ ಶುಭಮುಹೂರ್ತದಲ್ಲಿ, ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ ದೇದೀಪ್ಯಮಾನರಾಗಿ ಬೆಳಗುತ್ತಿರುವ ಬೀದಿ ದೀಪದವರನ್ನು ಸನ್ಮಾನಿಸಲು ಸೇರಿದ್ದೇವೆ. ಬಿನ್ನವತ್ತಳೆ ಓದುವ ಭಾಗ್ಯ ನನ್ನದು. ಓದುವಾಗ ಕತ್ತೆತ್ತಿ ಅವರನ್ನು ನೋಡಿ. ಬಿಸಿಲಿಗೆ ಕಾಣದಿದ್ದರೆ ಕೈ ಅಡ್ಡ ಹಿಡಿದು ನೋಡಿ.

ಹೇ ಕುಲದೀಪಕರೇ! ತಮ್ಮದು ದೊಡ್ಡ ಮನೆತನ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ಬಂತು. ತಮ್ಮ ಪೂರ್ವಿಕರಾದ ಸೀಮೆಎಣ್ಣೆ ದೀಪಗಳು ಎಣ್ಣೆ ತೀರಿದರೆ ಆರಿಹೋಗುತ್ತಿದ್ದವು. ತಮಗೆ ಆ ಬಡತನವಿಲ್ಲ.

ಹೇ ಸೂರ್ಯಸಖರೇ! ಪಾವಗಡದಲ್ಲಿ ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಜಮೀನು ಗುತ್ತಿಗೆ ಪಡೆದು, ಸುಮಾರು 13,000 ಎಕರೆಯಲ್ಲಿ ಫಲಕ ಹರಡಿ, 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಕಟ್ಟಿದ್ದಾರೆ. ಅದು ಕರೆಂಟು ಕೊಡುವುದು ಹಗಲಲ್ಲೇ. ಹಗಲ ಕರೆಂಟನ್ನು ಹಗಲೇ ಖರ್ಚು ಮಾಡಬೇಕೆಂದು ಪಂಡಿತರು ಹೇಳುತ್ತಾರೆ. ತಾವು ಮಾಡಿ ತೋರಿಸುತ್ತಿದ್ದೀರಿ. ಸೂರ್ಯನಿಗೆ ದೀವಟಿಗೆ ಹಿಡಿಯುವುದೆಂದು ನಮ್ಮ ಹಿರಿಯರು ಬಾಯಿಮಾತಿಗೆ ಅಂದದ್ದನ್ನು, ಸೂರ್ಯನ ಕರೆಂಟಿನಲ್ಲೇ ಸಾಧಿಸಿದವರು ತಾವು.

ಹೇ ಸಮದರ್ಶಿಗಳೇ! ನಗರದ ಸುಮಾರು 4.85 ಲಕ್ಷ ಬೀದಿ ದೀಪಗಳನ್ನು ಎಲ್‌ಇಡಿ ಮಾಡುವ ಯೋಜನೆ 2019ರಲ್ಲಿ ಬಂತು. ಉಳಿತಾಯವಾದ ಕರೆಂಟಿನ ದುಡ್ಡಿನಲ್ಲೇ ಗುತ್ತಿಗೆದಾರರಿಗೆ ಹಣ ಸಂದಾಯವಾಗಬೇಕಿತ್ತು. ಕೆಲಸ ಮುಗಿಯಲಿಲ್ಲ, ಗುತ್ತಿಗೆ ರದ್ದಾಯಿತು. ತಾವು ಮಾತ್ರ ಹೇಗೋ ಎಲ್‌ಇಡಿ ಆದಿರಿ. ಹಳೆಯ 250 ವಾಟ್ ಸೋಡಿಯಂ ದೀಪ ರಾತ್ರಿ 12 ಗಂಟೆ ಉರಿದರೆ 3 ಯೂನಿಟ್. 100 ವಾಟ್‌ನ ತಾವು ಅಷ್ಟೇ ಹೊತ್ತು ಉರಿದರೆ 1.2 ಯೂನಿಟ್, ಉಳಿತಾಯ 1.8. ಆದರೆ ಹಗಲೂ ರಾತ್ರಿ ದುಡಿಯುವ ತಾವು 2.4 ಯೂನಿಟ್ ಬಳಸಿ, ಉಳಿತಾಯವನ್ನು 0.6ಕ್ಕೆ ತಂದು ನಿಲ್ಲಿಸಿದ್ದೀರಿ. ಹೊಸ ತಂತ್ರಜ್ಞಾನ ಬಂತೆಂದು ಹಳೆಯ ಬಿಲ್ಲನ್ನು ಮರೆಯದ ತಮ್ಮ ಕೃತಜ್ಞತೆ ದೊಡ್ಡದು.

ಹೇ ಅಜಾತಶತ್ರುಗಳೇ! ತಮ್ಮ ಕಂಬದಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಬಾಗಿಲು ಒಂದೇ ಹಿಂಜಿನಲ್ಲಿ ಜೋತಾಡುತ್ತಿದೆ. ಒಳಗೊಂದು ಹಲ್ಲಿ ಸಂಸಾರ, ಒಂದು ಟೈಮರ್. ಕರೆಂಟು ಹೋದಾಗಲೆಲ್ಲ ಟೈಮರಿನ ಗಡಿಯಾರವೂ ನಿಲ್ಲುತ್ತಿತ್ತು. ಹಾಗೆ ಹಿಂದೆ ಬಿದ್ದು ಬಿದ್ದು, ಊರಿಗೆ ಹತ್ತು ಗಂಟೆಯಾದಾಗ ಅದಕ್ಕೆ ಬೆಳಗಿನ ಆರು. ಯಾರೋ ಪುಣ್ಯಾತ್ಮರು ಟೈಮರಿನ ಸಹವಾಸವೇ ಬೇಡವೆಂದು ಎರಡು ವೈರು ಸುತ್ತಿ ‘ಡೈರೆಕ್ಟ್’ ಕೊಟ್ಟರು. ಅಂದಿನಿಂದ ತಮಗೆ ಸೂರ್ಯೋದಯವೂ ಇಲ್ಲ, ಸೂರ್ಯಾಸ್ತವೂ ಇಲ್ಲ.

ಆ ಪುಣ್ಯಾತ್ಮರು ಯಾರು? ಬಿಲ್ಲು ಕಟ್ಟುವುದು ಒಂದು ಕಚೇರಿ, ಕರೆಂಟು ಕೊಡುವುದು ಇನ್ನೊಂದು, ಸ್ವಿಚ್ಚು ಹಾಕುವುದು ಗುತ್ತಿಗೆದಾರರ ಹುಡುಗ. ಬಿಲ್ಲು ಕಟ್ಟುವವರಿಗೆ ದೀಪ ಕಾಣುವುದಿಲ್ಲ, ದೀಪ ಹಾಕುವವನಿಗೆ ಬಿಲ್ಲು ಕಾಣುವುದಿಲ್ಲ. ಕಾಣುವ ನಮ್ಮ ಬಳಿ ಬಿಲ್ಲೂ ಇಲ್ಲ, ಸ್ವಿಚ್ಚೂ ಇಲ್ಲ, ಕೊಡುವ ತೆರಿಗೆಯೊಂದಿದೆ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು, ತಮ್ಮದು ಮುಗಿಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ತಾವು ಕಣ್ಣು ಮಿಟುಕಿಸಲಿಲ್ಲ.

ಮಹಾಜನರೇ, ಇದೇ ಬಡಾವಣೆಯಲ್ಲಿ ಸೋಲಾರ್ ವಾಟರ್ ಹೀಟರ್ ಇಟ್ಟವರು ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗಿನ ರಿಯಾಯಿತಿಗೆ ಬಿಲ್ಲನ್ನು ಕನ್ನಡಕ ಹಾಕಿ ತಡಕಿದವರು. ಬಾತ್‌ರೂಮಿನ ಲೈಟು ಆರಿಸದ ಮಕ್ಕಳಿಗೆ ಬೈದವರು. ಸ್ವಂತ ಬಿಲ್ಲು ಸ್ವಂತ ಕೈಗೆ ಬಂದರೆ ಯಾರಿಗೂ ಉಳಿತಾಯದ ಕಾರ್ಯಾಗಾರ ಬೇಕಿಲ್ಲ. ಪಾಲಿಕೆಯ ಪ್ರತಿ ವಾರ್ಡಿನ ದೀಪದ ಬಿಲ್ಲನ್ನು ವಾರ್ಡ್ ಕಚೇರಿಯ ಬಾಗಿಲಿಗೆ ಅಂಟಿಸಿ, ಆ ವಾರ್ಡು ಉಳಿಸಿದ ದುಡ್ಡನ್ನು ಅದರ ಶಾಲೆಯ ತಾರಸಿಗೋ ಆಸ್ಪತ್ರೆಯ ತಾರಸಿಗೋ ಸೋಲಾರ್ ಹಾಕಲು ಬಿಟ್ಟರೆ, ನಮ್ಮ ಸನ್ಮಾನಿತರಿಗೆ ಹಗಲಿನ ವಿಶ್ರಾಂತಿ ತಾನಾಗಿ ಸಿಕ್ಕೀತು.

ಕೊನೆಯದಾಗಿ ಒಂದು ಪ್ರಕಟಣೆ. ಸನ್ಮಾನಿತರಿಗೆ ಮೈಸೂರು ಪೇಟ ತೊಡಿಸಲು ಏಣಿ ಬೇಕು. ಏಣಿಗಾಡಿಗೆ ಅರ್ಜಿ ಕೊಟ್ಟಿದ್ದೇವೆ, ಅದು ಬರುವವರೆಗೆ ಹಣ್ಣಿನ ಬುಟ್ಟಿಯನ್ನು ಸಭಿಕರು ಹಂಚಿಕೊಳ್ಳಬಹುದು. ಆದರೆ ಅವರನ್ನು ಆರಿಸಲು ಏಣಿ ಬೇಕಿಲ್ಲ. ಸ್ವಿಚ್ಚು ಎದೆಮಟ್ಟದಲ್ಲೇ ಇದೆ. ಪೆಟ್ಟಿಗೆಯ ಮೇಲೆ ‘ಅಪಾಯ, ಮುಟ್ಟಬೇಡಿ’ ಎಂದು ಬರೆದಿರುವುದರಿಂದ ನಾವಂತೂ ಮುಟ್ಟುವುದಿಲ್ಲ. ಮುಟ್ಟಬೇಕಾದವರ ಹೆಸರು, ಫೋನ್ ನಂಬರ್ ಅದರ ಕೆಳಗೆ ಬರೆಸಿದ ದಿನ ಈ ಬಿನ್ನವತ್ತಳೆಯನ್ನು ವಾಪಸು ಪಡೆದು, ಪೇಟವನ್ನು ಅವರಿಗೇ ತೊಡಿಸುತ್ತೇವೆ.