ನೀರಿಲ್ಲ, ದೀಪವಿಲ್ಲ, ಸೈಟ್ ಮಾತ್ರ ಫಸ್ಟ್‌ಕ್ಲಾಸ್

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಗೋಳ ವೀಕ್ಷಣಾಲಯವನ್ನು ತಲೆಯ ಮೇಲೆ ಹೊತ್ತಿರುವ ಸರಸ್ವತಿ ಬೆಟ್ಟ ನಮ್ಮ ಬೆಂಗಳೂರಿನ ರಿಯಲ್ ಎಸ್ಟೇಟ್ ವರದಿಗಾರನಿಗೆ ಕೊಟ್ಟ ಸಂದರ್ಶನವಿದು. ವರದಿಗಾರ ನಡುನಡುವೆ ಏದುಸಿರು ಬಿಟ್ಟದ್ದನ್ನು ಸಂಪಾದಕರು ತೆಗೆದುಹಾಕಿದ್ದಾರೆ.

ವರದಿಗಾರ: ಸರಸ್ವತಮ್ಮನವರೇ, ಮೊದಲು ನೀರಿನ ವಿಚಾರ. ಕಾವೇರಿ ಕನೆಕ್ಷನ್ನೋ, ಬೋರೋ?

ಬೆಟ್ಟ: ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 10 ಸೆಂಟಿಮೀಟರ್ ದಾಟುವುದು ಕಷ್ಟ. ಅದಕ್ಕೇ ನನ್ನನ್ನು ಒಪ್ಪಿದ್ದು! ನಕ್ಷತ್ರದಿಂದ ಬರುವ ಅವಕೆಂಪು ಕಿರಣವನ್ನು ಗಾಳಿಯಲ್ಲಿನ ನೀರಾವಿ ದಾರಿಯಲ್ಲೇ ನುಂಗಿಬಿಡುತ್ತದೆ. ಇಲ್ಲಿ ನುಂಗುವವರು ಕಡಿಮೆ. ನಿಮ್ಮೂರಲ್ಲಿ ಹಾಗಲ್ಲವಂತೆ?

ವರದಿಗಾರ: ಹೆ ಹೆ... ಮುಂಗಾರು ಹೇಗೆ?

ಬೆಟ್ಟ: ದಕ್ಷಿಣದ ಹಿಮಾಲಯ ಸಾಲು ತಡೆದು ನಿಲ್ಲಿಸುತ್ತದೆ. ಆ ಭಾಗ್ಯ ಎಲ್ಲರಿಗಿಲ್ಲ: ತಮಿಳುನಾಡಿನ ಕಾವಲೂರಿನಲ್ಲಿ 2.3 ಮೀಟರ್ ಕನ್ನಡಿಯ ದೂರದರ್ಶಕವಿದೆ. ಪಾಪ, ಮುಂಗಾರು ಮುಗಿಯಿತು ಅನ್ನುವಷ್ಟರಲ್ಲಿ ಹಿಂಗಾರಿನ ಮೋಡ ಹಾಜರು. ನನ್ನಲ್ಲಿ ವರ್ಷಕ್ಕೆ ಸುಮಾರು 250 ರಾತ್ರಿ ಕೆಲಸಕ್ಕೆ ಒದಗುತ್ತವೆ.

ವರದಿಗಾರ: ಎತ್ತರದಿಂದ ನಕ್ಷತ್ರ ಹತ್ತಿರ ಕಾಣುತ್ತದೆ ಅನ್ನೋಣವೇ?

ಬೆಟ್ಟ: ನಾಲ್ಕೂವರೆ ಕಿಲೋಮೀಟರ್ ಏರಿದರೆ ನಕ್ಷತ್ರಕ್ಕೇನಪ್ಪಾ ಹತ್ತಿರ? ಏರುವುದು ಗಾಳಿಯಿಂದ ತಪ್ಪಿಸಿಕೊಳ್ಳಲು. ಬಿಸಿ ಗಾಳಿ, ತಣ್ಣನೆ ಗಾಳಿ ಕದಡಿದರೆ ನಕ್ಷತ್ರ ಮಿನುಗಿ, ಕನ್ನಡಿಯಲ್ಲಿ ಚುಕ್ಕೆ ಹರಡಿಹೋಗುತ್ತದೆ. ಇಲ್ಲಿ ಒಳ್ಳೆಯ ರಾತ್ರಿಗಳಲ್ಲಿ ಆ ಹರವು ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ವರದಿಗಾರ: ಬೀದಿದೀಪ?

ಬೆಟ್ಟ: ಆ ಮಾತೇ ಬೇಡ. 2022ರಲ್ಲಿ ಈ ಸೀಮೆಯನ್ನೇ ಕತ್ತಲ ಆಕಾಶದ ಮೀಸಲು ಪ್ರದೇಶ ಮಾಡಿದರು. ಊರವರು ಕಿಟಕಿಗೆ ದಪ್ಪ ಪರದೆ ಎಳೆಯುತ್ತಾರೆ. ಇಲ್ಲಿಯ ಹೆಣ್ಣುಮಕ್ಕಳೂ ಪುಟ್ಟ ದೂರದರ್ಶಕ ಹೂಡಿ, ಪ್ರವಾಸಿಗರಿಗೆ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ನೀವು ಬೆಳಕು ಕೊಟ್ಟು ಬಿಲ್ ಕಳಿಸುತ್ತೀರಿ, ಇವರು ಕತ್ತಲೆ ಕೊಟ್ಟು ಬದುಕುತ್ತಾರೆ.

ವರದಿಗಾರ: ವಿಜ್ಞಾನಿಗಳು ರಾತ್ರಿಯಿಡೀ ಈ ಚಳಿಯಲ್ಲೇ ಕೂರುತ್ತಾರೆಯೇ?

ಬೆಟ್ಟ: ಎಲ್ಲಿಯ ಮಾತು! ಇಲ್ಲಿಯ 'ಚಂದ್ರ' ಎಂಬ 2 ಮೀಟರಿನ ದೂರದರ್ಶಕವನ್ನು ಉಪಗ್ರಹದ ಮೂಲಕ ನಿಮ್ಮ ಹೊಸಕೋಟೆಯಲ್ಲಿ ಕೂತೇ ತಿರುಗಿಸುತ್ತಾರೆ. ನನಗೆ ಮೈನಸ್ 25 ಡಿಗ್ರಿ, ಅವರಿಗೆ ಫಿಲ್ಟರ್ ಕಾಫಿ. ವರ್ಕ್ ಫ್ರಮ್ ಹೋಮ್ ಅನ್ನು ನೀವು 2020ರಲ್ಲಿ ಕಂಡುಹಿಡಿದಿರಂತೆ?

ವರದಿಗಾರ: 30 ಮೀಟರಿನ ದೊಡ್ಡ ದೂರದರ್ಶಕ ಕೈತಪ್ಪಿದ್ದಕ್ಕೆ ಬೇಸರವೇ?

ಬೆಟ್ಟ: ಅದಕ್ಕೆ ಹವಾಯಿಯ ಮೌನಾ ಕೆಯಾ ಬೆಟ್ಟ ನಿಗದಿಯಾಗಿತ್ತು. ಗಾಳಿ, ತೇವ, ಮೋಡ ಎಲ್ಲ ಅಳೆದಿದ್ದರು. ಊರವರ ಒಪ್ಪಿಗೆ ಅಳೆಯಲು ಮೀಟರ್ ಇರಲಿಲ್ಲ. ಆ ಬೆಟ್ಟ ಅಲ್ಲಿಯ ಮೂಲನಿವಾಸಿಗಳಿಗೆ ಪವಿತ್ರ. 2015ರಲ್ಲಿ ರಸ್ತೆಗೆ ಅಡ್ಡ ನಿಂತರು. ಬೇರೆ ಜಾಗ ಹುಡುಕುವಾಗ ನನ್ನ ಹೆಸರೂ ಪಟ್ಟಿಗೆ ಬಂತು. ಪರ್ಯಾಯವೆಂದು ಆರಿಸಿದ್ದು ಸ್ಪೇನಿನ ಲಾ ಪಾಲ್ಮಾವನ್ನು.

ವರದಿಗಾರ: ಕೊನೆಯ ಮಾತು. ಪಕ್ಕದಲ್ಲೇ ಒಂದು ಲೇಔಟ್ ಮಾಡೋಣ ಅಂತ. 'ಸ್ಟಾರ್ ವ್ಯೂ ಎನ್‌ಕ್ಲೇವ್' ಅಂತ ಹೆಸರೂ ರೆಡಿ.

ಬೆಟ್ಟ: ಮಾಡಪ್ಪಾ. ಗೇಟಿಗೆ ಫ್ಲಡ್‌ಲೈಟ್ ಹಾಕಿದ ರಾತ್ರಿಯೇ ಸ್ಟಾರೂ ಹೋಗುತ್ತೆ, ವ್ಯೂನೂ ಹೋಗುತ್ತೆ. ಎನ್‌ಕ್ಲೇವ್ ಒಂದು ಉಳಿಯುತ್ತೆ, ಮಾರಿಕೋ.