ಪಟ್ಟದ ಆವು ಮತ್ತು ನಮ್ಮ ಅಧ್ಯಕ್ಷರು

ತಮಿಳುನಾಡಿನ ತೇನಿ, ಕಂಬಂ, ದಿಂಡಿಗಲ್ ಸೀಮೆಯ ಕನ್ನಡಿಗರನ್ನು ಉಳಿಸಬೇಕೆಂದು ನಮ್ಮ ಪರಂಪರೆ ಸಂರಕ್ಷಣಾ ಸಂಘ ಮೊನ್ನೆ ಸರ್ವಾನುಮತದಿಂದ ತೀರ್ಮಾನಿಸಿತು. ವಿಷಯ ಅವರಿಗಿನ್ನೂ ಗೊತ್ತಿಲ್ಲ.

ಅಲ್ಲಿ ಕನ್ನಡಿಗರಿದ್ದಾರೆ ಎಂಬುದು ನಮಗೂ ಈಚೆಗೆ ಗೊತ್ತಾದದ್ದು. ಕಪ್ಪಿಲಿಯರು, ಅನುಪ್ಪರು ಎಂದು ಕರೆಸಿಕೊಳ್ಳುವ ಬೇಸಾಯಗಾರರು. ನೂರಾರು ವರ್ಷಗಳ ಹಿಂದೆ ಕನ್ನಡ ಸೀಮೆಯಿಂದ ಇಳಿದುಹೋದವರು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಮೇಲೆ ಏಳು ಸಂಪುಟ ಅಚ್ಚು ಹಾಕಿಸಿದಾಗ ಇವರನ್ನೂ ಬರೆದುಕೊಂಡ. ಇವರಿಗೆ ಶಾಲೆಯಲ್ಲಿ ತಮಿಳು, ಪಡಿತರ ಚೀಟಿಯಲ್ಲಿ ತಮಿಳು, ಸಂತೆಯಲ್ಲಿ ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಓದಲು ಬರೆಯಲು ಕನ್ನಡದ ಅಕ್ಷರ ಬಾರದು. ಅಕಾಡೆಮಿ ಇಲ್ಲ, ಪ್ರಾಧಿಕಾರವಿಲ್ಲ, ರಾಜ್ಯೋತ್ಸವ ಪ್ರಶಸ್ತಿಗೆ ಶಿಫಾರಸು ಹಿಡಿದು ವಿಧಾನಸೌಧದ ಮೆಟ್ಟಿಲು ಸವೆಸಿದವರಿಲ್ಲ. ಇಷ್ಟು ಅನನುಕೂಲಗಳ ನಡುವೆಯೂ ಅವರ ಅಜ್ಜಿಯರು ಮೊಮ್ಮಕ್ಕಳನ್ನು ಕನ್ನಡದಲ್ಲೇ ಗದರುತ್ತಾ ಬಂದಿದ್ದಾರೆ ಎಂಬುದೇ ಸಂಘದ ಆತಂಕ. ಸಂಘವಿಲ್ಲದೆ ಉಳಿದದ್ದನ್ನು ಉಳಿದಿದೆ ಎಂದು ಒಪ್ಪಿಕೊಳ್ಳಲು ನಮ್ಮ ಬೈಲಾದಲ್ಲಿ ಅವಕಾಶವಿಲ್ಲ. (ಅಧ್ಯಕ್ಷರ ಮೊಮ್ಮಕ್ಕಳಿಗೂ ಕನ್ನಡ ಬರುತ್ತದೆ. ತಾತ ಭಾಷಣ ಮುಗಿಸಿದ್ದು ಗೊತ್ತಾಗಿ ಚಪ್ಪಾಳೆ ತಟ್ಟುವಷ್ಟು.)

ಸರಿ, ‘ದೇಶಸೇವಾ ಪರಂಪರೆ ಯಾತ್ರೆ’ ಎಂದು ಹೆಸರಿಟ್ಟು, ಟಿಟಿ ಗಾಡಿ ಬುಕ್ ಮಾಡಿ, ಮೊದಲ ನಿಲ್ದಾಣ ದಿಂಡಿಗಲ್ ಕೋಟೆ ಎಂದದ್ದೇ ತಡ, ಸಭೆ ಎರಡು ಹೋಳಾಯಿತು.

ಕೋಟೆಯ ತಪ್ಪೇನೂ ಇಲ್ಲ. ಊರ ನೆತ್ತಿಯ ಮೇಲೆ ಬೋಳು ಬಂಡೆ. ಅದರ ಮೇಲೆ 1605ರಲ್ಲಿ ಮಧುರೆಯ ನಾಯಕರು ಕಟ್ಟಿಸಿದ್ದು. ತೊಂದರೆ ಶುರುವಾಗುವುದು ಮುಂದೆ. 18ನೇ ಶತಮಾನದ ನಡುವಿಗೆ ಅದು ಮೈಸೂರಿನ ಕೈಗೆ ಬಂತು. 1755ರಲ್ಲಿ ಅಲ್ಲಿಗೆ ಫೌಜುದಾರನಾಗಿ ಹೋದವನು ಹೈದರ್ ಅಲಿ. ಫ್ರೆಂಚರನ್ನು ಕರೆಸಿ ಫಿರಂಗಿ ಕೆಲಸ ಕಲಿತದ್ದು, ಸ್ವಂತ ದಂಡು ಕಟ್ಟಿದ್ದು ಅಲ್ಲೇ. ಮುಂದಿನ ಹೈದರ್ ಹುಟ್ಟಿದ್ದೇ ದಿಂಡಿಗಲ್ಲಿನ ಬಂಡೆಯ ಮೇಲೆ ಎಂದರೂ ನಡೆಯುತ್ತದೆ. 1783ರಲ್ಲಿ ಇಂಗ್ಲಿಷರು ಹಿಡಿದರು, 1784ರ ಮಂಗಳೂರು ಒಪ್ಪಂದದಲ್ಲಿ ಬಿಟ್ಟುಕೊಟ್ಟರು, 1790ರಲ್ಲಿ ಮತ್ತೆ ಹಿಡಿದರು, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬರೆಸಿಯೇ ಕೊಂಡರು. ಕನ್ನಡ ನಾಡಿನ ಬಾವುಟ ಹಾರಿದ ಜಾಗ. ಇಂಗ್ಲಿಷರ ವಿರುದ್ಧ ಹಾರಿದ್ದು ಬೇರೆ. ದೇಶಪ್ರೇಮಕ್ಕೆ ಇನ್ನೇನು ಬೇಕು ಎಂದು ಹೊರಗಿನವರು ಕೇಳಿಯಾರು. ಒಳಗಿನವರಿಗೆ ಗೊತ್ತು: 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಮಗನ ಗತಿಯೇ ಹೀಗಿರುವಾಗ ಅಪ್ಪನ ಕೋಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಸಂಘದ ಅನುದಾನದ ಗತಿ?

ಕೊನೆಗೆ ಬ್ಯಾನರಿನಲ್ಲಿ ‘ಮೈಸೂರು ಸಂಸ್ಥಾನದ ಶೌರ್ಯದ ಕುರುಹು’ ಎಂದಷ್ಟೇ ಬರೆಸಿ, ಶೌರ್ಯ ಯಾರದು ಎಂಬ ಜಾಗ ಖಾಲಿ ಬಿಡುವುದೆಂದಾಯಿತು. ಚುನಾವಣೆ ಫಲಿತಾಂಶ ನೋಡಿಕೊಂಡು ತುಂಬಬಹುದು. ಉತ್ಸಾಹಿ ಸದಸ್ಯರೊಬ್ಬರು ಸಂಘದ ಹೆಸರನ್ನು ಕೋಟೆಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆಸೋಣ, ಶಾಶ್ವತವಾಗಿರುತ್ತದೆ ಎಂದರು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ ಅದು, ಕಾಯ್ದೆ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಎಂದು ವಕೀಲ ಸದಸ್ಯರು ನೆನಪಿಸಿದರು. “ದಂಡ ಸಂಘದ ಖಾತೆಯಿಂದ ಕಟ್ಟೋಣ ಸಾರ್, ಸೆರೆ ಯಾರ ಖಾತೆಗೆ?” ಎಂದು ಖಜಾಂಚಿಗಳು ಕೇಳಿದ ಮೇಲೆ ಬಣ್ಣದ ಮಾತು ನಿಂತಿತು.

ಎರಡನೆಯ ನಿಲ್ದಾಣ ಲೋಯರ್ ಕ್ಯಾಂಪ್. ಪರಂಪರೆಯ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆಂದು ಕಲಿಯಬೇಕಾದವರು ಅಲ್ಲಿಗೇ ಹೋಗಬೇಕು. ಕಂಬಂ ಕಣಿವೆಯ ಕುಲದೈವ ಒಬ್ಬ ಇಂಗ್ಲಿಷ್ ಕರ್ನಲ್. ಹೆಸರು ಜಾನ್ ಪೆನ್ನಿಕ್ವಿಕ್, ಹುಟ್ಟಿದ್ದು ಪುಣೆಯಲ್ಲಿ, 1841ರ ಜನವರಿ 15ರಂದು. ಪಡುವಣಕ್ಕೆ ಹರಿದು ಕಡಲು ಸೇರುತ್ತಿದ್ದ ಪೆರಿಯಾರ್ ನೀರಿಗೆ ಮುಲ್ಲಪೆರಿಯಾರಿನಲ್ಲಿ ಅಡ್ಡ ಕಟ್ಟಿ, ಬೆಟ್ಟ ಕೊರೆದು, ಮೂಡಣದ ವೈಗೈ ಕಡೆಗೆ ತಿರುಗಿಸಿದವನು. 1895ರ ಅಕ್ಟೋಬರಿನಲ್ಲಿ ನೀರು ಇಳಿಯಿತು, ಕಣಿವೆಗೆ ಎರಡು ಬೆಳೆ ಬಂತು. ಅವನ ಹುಟ್ಟುಹಬ್ಬ ಸಂಕ್ರಾಂತಿಯ ಆಸುಪಾಸಿಗೇ ಬೀಳುವುದರಿಂದ ರೈತರು ಲೋಯರ್ ಕ್ಯಾಂಪಿನ ಅವನ ಮಣಿಮಂಟಪದ ಮುಂದೆ ಪೊಂಗಲ್ ಉಕ್ಕಿಸುತ್ತಾರೆ, ಅಂಗಡಿಯಲ್ಲಿ ಮುರುಗನ ಪಕ್ಕ ಅವನ ಪಟ ಹಾಕುತ್ತಾರೆ, ಹುಟ್ಟಿದ ಗಂಡುಮಗುವಿಗೆ ಅವನ ಹೆಸರಿಡುತ್ತಾರೆ. ಇದರಲ್ಲಿ ನನಗೆ ನಗು ಬರುವಂಥದ್ದೇನೂ ಕಾಣುವುದಿಲ್ಲ. ನೀರು ಕೊಟ್ಟವನನ್ನು ನೆನೆಯುವುದು ಬೇಸಾಯಗಾರನ ಲೆಕ್ಕಾಚಾರ, ಅದು ಯಾವತ್ತೂ ಸರಿಯಾಗಿರುತ್ತದೆ. ಮಂಡ್ಯದಲ್ಲಿ ವಿಶ್ವೇಶ್ವರಯ್ಯನವರ ಪಟಕ್ಕೆ ಊದುಬತ್ತಿ ಹಚ್ಚುವವರನ್ನು ಕಂಡು ಯಾರೂ ನಗುವುದಿಲ್ಲ.

ನಗು ಬರುವುದು ರೈತನ ಹಿಂದೆ ಮೈಕು ಹಿಡಿದು ಬರುವವರನ್ನು ಕಂಡು. 2021ರಲ್ಲಿ ಮಧುರೆಯ ಒಂದು ಹಳೆಯ ಸರ್ಕಾರಿ ಬಂಗಲೆಯ ಜಾಗದಲ್ಲಿ ಗ್ರಂಥಾಲಯ ಕಟ್ಟಲು ಹೊರಟಾಗ, ಅದು ಪೆನ್ನಿಕ್ವಿಕ್ ವಾಸವಿದ್ದ ಮನೆ, ಮುಟ್ಟಬೇಡಿ ಎಂದು ದೊಡ್ಡ ಗಲಾಟೆಯಾಯಿತು. ಲೋಕೋಪಯೋಗಿ ಇಲಾಖೆ ಕಡತ ತೆಗೆಯಿತು: ಕಟ್ಟಡ ಎದ್ದದ್ದು 1912–13ರಲ್ಲಿ; ಪೆನ್ನಿಕ್ವಿಕ್ ಇಂಗ್ಲೆಂಡಿನಲ್ಲಿ ತೀರಿಕೊಂಡದ್ದು 1911ರ ಮಾರ್ಚ್‌ನಲ್ಲಿ. ನಮ್ಮ ಸಂಘದ ಇತಿಹಾಸ ವಿಭಾಗ ಇದನ್ನು ಪರಿಶೀಲಿಸಿ, ಸತ್ತ ಮೇಲೆ ವಾಸಕ್ಕೆ ಬಂದ ಮನೆಯನ್ನು ಉಳಿಸುವುದೇ ನಿಜವಾದ ಪರಂಪರೆ ಪ್ರಜ್ಞೆ ಎಂದು ಷರಾ ಬರೆದಿದೆ. ಹೆಂಡತಿಯ ಒಡವೆ ಮಾರಿ ಅಣೆಕಟ್ಟು ಕಟ್ಟಿದ ಎಂಬ ಕಥೆಗೂ ಅದೇ ವಿಭಾಗ ಮೊಹರು ಒತ್ತಿದೆ. ಕಟ್ಟಿಸಿದ್ದು ಮದ್ರಾಸ್ ಸರ್ಕಾರ ಅಲ್ಲವೇ ಎಂದು ಕೇಳುವಂತಿಲ್ಲ. ಕನ್ನಂಬಾಡಿಗೂ ಮಹಾರಾಣಿಯವರ ಒಡವೆಯ ಕಥೆ ಇದ್ದೇ ಇದೆ. ಅಣೆಕಟ್ಟು ನಿಲ್ಲಲು ಸುಣ್ಣ, ಸುರ್ಕಿ ಎಷ್ಟು ಬೇಕೋ ಒಡವೆಯೂ ಅಷ್ಟೇ ಬೇಕು. ಕಾಡಿನಲ್ಲಿ ಚಳಿಜ್ವರ ಬಂದು ಸತ್ತ ಕೂಲಿಯಾಳುಗಳ ಕಥೆ ಮಾತ್ರ ಯಾವ ಗಾರೆಗೂ ಸೇರಿಲ್ಲ. ತೇನಿಯ ಬಸ್ ನಿಲ್ದಾಣಕ್ಕೆ ಕರ್ನಲನ ಹೆಸರಿದೆ. 2022ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲೂ ತಮಿಳುನಾಡು ಸರ್ಕಾರದ ವತಿಯಿಂದ ಅವನ ಪ್ರತಿಮೆ ಎದ್ದಿತು. ಕಲ್ಲು ಹೊತ್ತವನ ಹೆಸರಿಗೆ ಒಂದು ಬಸ್ ಶೆಲ್ಟರೂ ಇಲ್ಲ.

ಅಧ್ಯಕ್ಷರ ಮನಸ್ಸು ಮಾತ್ರ ಬೇರೆಯದರ ಮೇಲೆ ನಿಂತಿತು. ಆ ಅಣೆಕಟ್ಟಿನ ಜಾಗವನ್ನು ತಿರುವಾಂಕೂರಿನ ಮಹಾರಾಜರು 1886ರ ಅಕ್ಟೋಬರ್ 29ರಂದು ಗುತ್ತಿಗೆಗೆ ಬರೆದುಕೊಟ್ಟದ್ದು 999 ವರ್ಷಕ್ಕೆ, ಎಕರೆಗೆ ಐದು ರೂಪಾಯಿಯ ಹಾಗೆ ವರ್ಷಕ್ಕೆ 40,000. ಇದನ್ನು ಕೇಳಿದ ಮೇಲೆ ಅಧ್ಯಕ್ಷರು ಬಹಳ ಹೊತ್ತು ಮಾತಾಡಲಿಲ್ಲ. ಪದಾಧಿಕಾರಿಗಳ ಅವಧಿಯನ್ನು ಮೂರು ವರ್ಷದಿಂದ ಏರಿಸುವ ಬಗ್ಗೆ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿದೆ.

ಮೂರನೆಯ ನಿಲ್ದಾಣ ಕಂಬಂ, ನಂದಗೋಪಾಲನ ಗುಡಿ. ನಾವು ಉಳಿಸಲು ಹೊರಟಿರುವ ಒಕ್ಕಲಿಗ ಕಪ್ಪಿಲಿಯರ ದೇವರು ಅಲ್ಲಿರುವುದು. ಒಳಗೆ ನೋಡಿದರೆ ವಿಗ್ರಹವೇ ಇಲ್ಲ. ಇರುವುದು ದನದ ದೊಡ್ಡಿ. ಹರಕೆ ಹೊತ್ತವರು ಬಿಟ್ಟ ಕರುಗಳು, ಅವುಗಳ ಸಂತಾನ. ಗಿಡ್ಡ ಮೈಯ, ಚುರುಕು ಕಾಲಿನ ಬೆಟ್ಟದ ದನಗಳ ನೂರಾರರ ಹಿಂಡು. ಸಂಕ್ರಾಂತಿಯ ಮಾರನೆಯ ದಿನ ಮಾಟ್ಟುಪ್ಪೊಂಗಲಿಗೆ ಜನ ಹುಲ್ಲು, ಹಣ್ಣು ಹಿಡಿದುಕೊಂಡು ಸಾಲುಗಟ್ಟುತ್ತಾರೆ. ಇಂಗ್ಲಿಷ್ ಅಧಿಕಾರಿ ಡಬ್ಲ್ಯೂ. ಫ್ರಾನ್ಸಿಸ್ 1906ರ ಮಧುರೆ ಗೆಜೆಟಿಯರಿನಲ್ಲಿ ಇದನ್ನು ಬರೆದಿದ್ದಾನೆ; ಹಿಂಡಿಗೆ ‘ದೇವರ ಆವು’, ಅದರ ಮುಂದಾಳು ಹೋರಿಗೆ ‘ಪಟ್ಟದ ಆವು’ ಎಂದು ಜನ ಕರೆಯುತ್ತಾರೆಂದೂ ಕಾಣಿಸಿದ್ದಾನೆ. ಪಟ್ಟದ ಆವು ಸತ್ತರೆ ಹೊಸಬನನ್ನು ಆರಿಸುವ ಕ್ರಮ ಹೀಗೆ: ಹಿಂಡನ್ನೆಲ್ಲ ಕೂಡಿಸಿ, ಕರ್ಪೂರ ಹಚ್ಚಿ, ತೆಂಗಿನಕಾಯಿ ಬಾಳೆಹಣ್ಣು ಎಡೆಯಿಟ್ಟು, ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಅರಿಸಿನ ಕುಂಕುಮ ಹಚ್ಚಿ ಹೂವು ಹಾಕಿದರೆ ಮುಗಿಯಿತು. ಪೋಸ್ಟರ್ ಇಲ್ಲ, ಬಣ ಇಲ್ಲ, ಮತದಾರರ ಪಟ್ಟಿಯಲ್ಲಿ ಸತ್ತವರ ಹೆಸರಿಲ್ಲ.

ಈ ಹಿಂಡಿಗೆ ಈಗ ಮೇವಿನ ಚಿಂತೆ. ಬೆಟ್ಟದ ದನ ಬೆಟ್ಟ ಹತ್ತಿಯೇ ಮೇಯಬೇಕು. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕಾಡಿನಲ್ಲಿ ದನ ಮೇಯಿಸುವುದನ್ನು ರಾಜ್ಯಪೂರ್ತಿ ನಿಷೇಧಿಸಿ, ಆಮೇಲೆ ಆ ಆದೇಶವನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಪ್ರದೇಶಗಳ ಮಟ್ಟಿಗೆ ಇಳಿಸಿತು. ತೇನಿಯ ದನಗಾಹಿಗಳಿಗೆ ಇಳಿಸಿದ್ದರಿಂದ ಹೆಚ್ಚು ಸುಖವಾಗಲಿಲ್ಲ, ಅವರ ಬೆಟ್ಟ ಇರುವುದೇ ಅಲ್ಲಿ. ಹುಲಿಗೂ ಜಾಗ ಬೇಕು, ದನಕ್ಕೂ ಹುಲ್ಲು ಬೇಕು. ಇದು ನಿಜವಾದ ಜಗಳ, ಕೂತು ಮಾತಾಡಿ ಬಗೆಹರಿಸುವಂಥದ್ದು. ಆದ್ದರಿಂದ ಸಂಘದ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ವ್ಯಾಪ್ತಿಗೆ ಬರುವುದು ಪಟ್ಟದ ಆವಿಗೆ ಮೈಸೂರು ಪೇಟ ತೊಡಿಸುವುದು. ಕೊಂಬಿನ ಅಳತೆ ಸಿಗುತ್ತಲೇ ಆರ್ಡರ್ ಕೊಡಲಾಗುವುದು.

ಅಲ್ಲಿನವರಿಗೆ ಒಂದು ದಿನದ ‘ಶುದ್ಧ ಕನ್ನಡ ಕಾರ್ಯಾಗಾರ’ವೂ ಇದೆ. ಅವರ ಮಾತಿನಲ್ಲಿ ತಮಿಳು ಬೆರೆತಿದೆಯಂತೆ, ಅದನ್ನು ತೆಗೆಯಬೇಕು. “ಟೀಂನಲ್ಲಿ ಯಾರ್ ಯಾರ್ ಕನ್‌ಫರ್ಮ್, ಬೇಗ ಅಪ್‌ಡೇಟ್ ಮಾಡಿ, ಬ್ರೋಷರ್ ಪ್ರಿಂಟ್ ಆಗ್ಬೇಕು” ಎಂದು ಕಾರ್ಯಾಗಾರದ ಸಂಚಾಲಕರು ಎಲ್ಲರಿಗೂ ಸಂದೇಶ ಕಳಿಸಿದ್ದಾರೆ.

ಕಡೆಗೆ ಕಿರಿಯ ಸದಸ್ಯನೊಬ್ಬ ಎದ್ದು ನಿಂತು, ನಮ್ಮ ಸಂಘದ ಚುನಾವಣೆಯನ್ನೂ ಕಂಬಂ ಪದ್ಧತಿಯಲ್ಲೇ ನಡೆಸಿದರೆ ಹೇಗೆ, ಅದೂ ಪರಂಪರೆಯೇ ತಾನೆ ಎಂದ. ಕಬ್ಬಿನ ಖರ್ಚು ಮತಪತ್ರದ ಖರ್ಚಿಗಿಂತ ಕಡಿಮೆ ಎಂದು ಖಜಾಂಚಿಗಳೂ ದನಿಗೂಡಿಸಿದರು. ಸಲಹೆ ಗಂಭೀರ ಚರ್ಚೆಗೆ ಬಂತು. ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಕೈಬಿಡಲಾಯಿತು.